ವೇಗವೇರಿಸಿದ ಗಣಕದ ಸ್ಮೃತಿ

ರ್‍ಯಾಮ್ ಎಂದು ಕರೆಯುವ ಗಣಕಯಂತ್ರದ ಸ್ಮೃತಿಫಲಕದಲ್ಲಿ ಕೋಟ್ಯಂತರ ಸೂಕ್ಷ್ಮ ಕೋಶಗಳಿವೆ. ಅವುಗಳೊಳಗಿನ ವಿದ್ಯುದಂಶವು ತೂತುಗಡಿಗೆಯ ನೀರಿನಂತೆ ಸೋರುವುದರಿಂದ, ಡಿಡಿಆರ್೪ ಫಲಕದಲ್ಲಿ ಸಾಮಾನ್ಯವಾಗಿ ೬೪ ಮಿಲಿಸೆಕೆಂಡಿಗೊಮ್ಮೆ ಅದನ್ನು ಮರಳಿ ತುಂಬಬೇಕು. ಕಾವೇರಿದಷ್ಟೂ ಸೋರಿಕೆ ಹೆಚ್ಚು. ೧.೨ ವೋಲ್ಟಿನ ನಿಯತ ಒತ್ತಡವನ್ನು ೧.೩೫ಕ್ಕೇರಿಸಿ ವೇಗವನ್ನು ಹೆಚ್ಚಿಸುವವರು, ಯಂತ್ರ ಚಾಲೂ ಆದೊಡನೆ ಗೆದ್ದೆವೆಂದು ಭಾವಿಸುತ್ತಾರೆ. ನಾನೂ ಹಾಗೆಯೇ ಭಾವಿಸಿದ್ದೆನು. ನಡುವೆ ನಿಂತುಬಿಡುವ ಯಂತ್ರವನ್ನಾದರೂ ನಂಬಬಹುದು. ನಿಲ್ಲದೆ, ಒಂದು ಅಂಕಿಯನ್ನು ತಪ್ಪಾಗಿ ನೆನೆದು ಅದನ್ನೇ ಕಡತಕ್ಕೆ ಬರೆದಿಡುವ ಯಂತ್ರವನ್ನು ನಂಬಲಾಗದು. ಆಗ ನಕಲಿಸಿಟ್ಟ ನಮ್ಮ ಅಜ್ಜಿಯ ಛಾಯಾಚಿತ್ರಗಳು ಹಾಳಾಗಿದ್ದುದು ತಿಂಗಳುಗಳ ಬಳಿಕವಷ್ಟೇ ತಿಳಿಯಿತು. ಆದುದರಿಂದ ವೇಗವೇರಿಸಿದ ರಾತ್ರಿಯೇ ಮೆಮ್‌ಟೆಸ್ಟ್೮೬ ಎಂಬ ಪರೀಕ್ಷೆಯನ್ನು ಬೆಳಗಿನವರೆಗೆ ನಡೆಸತಕ್ಕದ್ದು. ಒಂದೇ ದೋಷ ಕಂಡರೂ ವೇಗವನ್ನಿಳಿಸಿ ಮತ್ತೆ ಪರೀಕ್ಷಿಸಬೇಕು. ನಿಯತ ವೇಗದಲ್ಲಿಯೂ ದೋಷವುಳಿದರೆ, ಫಲಕಗಳನ್ನು ಒಂದೊಂದಾಗಿ ಹಾಕಿ ಕೆಟ್ಟುದನ್ನು ಹುಡುಕಬೇಕು.