ನಿಮಗಿದು ಗೊತ್ತೇ? ಕವರಿನ ಮೇಲೊಂದು ಮುಖ, ಒಳಗೊಂದು ಕಂಠ

● ಹೊಸಪೇಟೆಯ ಅಂಗಡಿಯಲ್ಲಿ ಅಗ್ಗದ ‘ರಾಜ್ ಹಿಟ್ಸ್’ ಕೊಂಡಿರಿ ಎನ್ನಿ. ಹಳೆ ಕ್ಯಾಸೆಟ್ಟಾಗಲಿ, ಸಿ.ಡಿ.ಯಾಗಲಿ, ಹಾಡು ತುಂಬಿಸಿದ ಪೆನ್‌ಡ್ರೈವ್ ಆಗಲಿ, ಅದರಲ್ಲಿ ರಾಜ್‌ಕುಮಾರ್ ಸ್ವತಃ ಹಾಡಿದ್ದು ಒಂದೂ ಇಲ್ಲದಿರಬಹುದು! 1974ರ ‘ಸಂಪತ್ತಿಗೆ ಸವಾಲ್’ವರೆಗೆ ತೆರೆಯ ಮೇಲೆ ತುಟಿ ಆಡಿಸಿದವರು ರಾಜ್, ಹಾಡಿದವರು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್. ಆ ಚಿತ್ರದ ಎಮ್ಮೆಯ ಹಾಡನ್ನು ರಾಜ್ ತಾವೇ ಹಾಡಿದ ಮೇಲೆ ಲೆಕ್ಕ ಬದಲಾಯಿತು.

● ‘ಹೆಚ್ಚಾಗಿ’ ಎಂದದ್ದು ಬೇಕೆಂದೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಗೆ ದನಿ ಕೊಟ್ಟವರು ತಮಿಳಿನ ಸಿ.ಎಸ್. ಜಯರಾಮನ್. 1963ರ ‘ವೀರಕೇಸರಿ’ಯ ಪ್ರಸಿದ್ಧ ಯುಗಳಗೀತೆಯಲ್ಲಿ ಘಂಟಸಾಲ. ಇವುಗಳ ನಡುವೆ, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿ ಜೊತೆ ರಾಜ್ ತಾವೇ ಹಾಡಿಬಿಟ್ಟಿದ್ದರು. ಹಾಗಾಗಿ ಕವರಿನ ಮುಂಭಾಗ ಬಿಡಿ, ಹಿಂಭಾಗ ಓದಿ. ಹಾಡಿನ ಮುಂದೆ ಗಾಯಕರ ಹೆಸರಿಲ್ಲದ ಆಲ್ಬಂ ಎಷ್ಟೇ ಅಗ್ಗವಾದರೂ ದುಬಾರಿಯೇ.

● ಶ್ರೀನಿವಾಸ್ ಅವರ ‘ಪಿ.ಬಿ.’ ಎಂದರೆ ಪ್ರತಿವಾದಿ ಭಯಂಕರ! ಅಷ್ಟು ಮೃದು ದನಿಗೆ ಅಂಥ ಹೆಸರು. 1930ರಲ್ಲಿ ಕಾಕಿನಾಡದಲ್ಲಿ ಹುಟ್ಟಿ, 2013ರ ಏಪ್ರಿಲ್ 14ರಂದು ಚೆನ್ನೈನಲ್ಲಿ ತೀರಿಕೊಂಡರು.

● ಹಂಪಿಯ ದೊರೆಯ ಕಥೆ ಹೇಳುವ ‘ಶ್ರೀಕೃಷ್ಣದೇವರಾಯ’ (1970) ಬಿ.ಆರ್. ಪಂತುಲು ಅವರದು, ಸಂಗೀತ ಟಿ.ಜಿ. ಲಿಂಗಪ್ಪ. ರಾಯನ ವೇಷದ ರಾಜ್‌ಗೆ ಅಲ್ಲಿಯೂ ಕಂಠವಾದವರು ಪಿಬಿಎಸ್. ಕನ್ನಡದ ನೆಲದಲ್ಲಿ ಕೂತು ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಬರೆದ ರಾಯನಿಗೆ ತೆಲುಗು ಸೀಮೆಯ ಗಾಯಕ ಕನ್ನಡದಲ್ಲಿ ಹಾಡಿದ್ದು ಒಪ್ಪುವ ಸಂಗತಿಯೇ.

● ‘ನಾಗರಹಾವು’ (1972) ಚಿತ್ರದಲ್ಲಿ ನಾಯಕ ರಾಮಾಚಾರಿ ಒಬ್ಬನಿಗೇ ಎರಡು ಕಂಠ. ಹಾವಿನ ದ್ವೇಷದ ಹಾಡು ಎಸ್.ಪಿ. ಬಾಲಸುಬ್ರಹ್ಮಣ್ಯಂ, ಒನಕೆ ಓಬವ್ವನ ಹಾಡು ಪಿಬಿಎಸ್. ಗಾಯಕರ ಹೆಸರಿನ ಆಲ್ಬಂ ಕೊಂಡರೆ ಆ ಚಿತ್ರದ ಅರ್ಧ ಹಾಡು ಮಾತ್ರ ಸಿಗುತ್ತದೆ. ಸಂಗೀತ ನಿರ್ದೇಶಕ ವಿಜಯಭಾಸ್ಕರ್ ಹೆಸರಿನ ಆಲ್ಬಂ ಕೊಂಡರೆ ಎರಡೂ ಸಿಗಬಹುದು. ಈ ಜಾಣತನ ಬಹಳ ಜನ ಮಾಡುವುದಿಲ್ಲ.

● ಇನ್ನೊಂದು ತಮಾಷೆ. 1993ರ ‘ಮುದ್ದಿನ ಮಾವ’ದಲ್ಲಿ ಮಾವನ ಪಾತ್ರ ಮಾಡಿದವರು ಎಸ್‌ಪಿಬಿ. ದೀಪಾವಳಿಯ ಹಾಡಿನಲ್ಲಿ ಮಾವನಿಗೆ ಹಿನ್ನೆಲೆ ದನಿ ಕೊಟ್ಟವರು ರಾಜ್‌ಕುಮಾರ್! ಎಸ್‌ಪಿಬಿ ಹಾಡಿದ್ದು ಅಳಿಯ ಶಶಿಕುಮಾರ್‌ಗೆ. ಇದನ್ನು ಯಾವ ಹಿಟ್ಸ್‌ಗೆ ಸೇರಿಸಬೇಕು, ನೀವೇ ಹೇಳಿ.

● ಎಸ್‌ಪಿಬಿ 1981ರ ಫೆಬ್ರುವರಿ 8ರಂದು ಬೆಂಗಳೂರಿನಲ್ಲಿ ಸಂಗೀತ ನಿರ್ದೇಶಕ ಉಪೇಂದ್ರಕುಮಾರ್ ಅವರಿಗಾಗಿ ಹನ್ನೆರಡು ತಾಸಿನಲ್ಲಿ 21 ಕನ್ನಡ ಹಾಡು ಹಾಡಿ ಮುಗಿಸಿದರು. ಒಂದೇ ದಿನದಲ್ಲಿ ಒಂದೂವರೆ ಕ್ಯಾಸೆಟ್ಟಿನಷ್ಟು ಸರಕು!

● ಸಂಡೂರಿನವರು ಬಿಡದೆ ಹುಡುಕಬೇಕಾದ ಆಲ್ಬಂ ‘ಮಾನಸ ಸರೋವರ’. ಪುಟ್ಟಣ್ಣ ಕಣಗಾಲ್ ಎಂಬತ್ತರ ದಶಕದ ಆರಂಭದಲ್ಲಿ ಇದನ್ನು ಚಿತ್ರಿಸಿದ್ದು ಸಂಡೂರಿನ ಬೆಟ್ಟಗಳ ನಡುವೆ. ಜಿ.ಎಸ್. ಶಿವರುದ್ರಪ್ಪನವರ ಕವಿತೆಗೆ ವಾಣಿ ಜಯರಾಂ ದನಿ, ಜೊತೆಗೆ ಎಸ್‌ಪಿಬಿ ಹಾಡುಗಳೂ ಇವೆ. ‘ಸವಿ ನೆನಪು’ ಎಂಬಂಥ ಹೆಸರಿನ ಹತ್ತು ಚಿತ್ರಗಳ ಕಲಸುಮೇಲೋಗರಕ್ಕಿಂತ ಇಂಥ ಒಂದು ಚಿತ್ರದ ಪೂರ್ತಿ ಹಾಡುಗಳೇ ಮೇಲು ಎನ್ನುವುದು ನನ್ನ ಮತ.

● ಹಾಡು ಅದೇ, ದನಿ ಮಾತ್ರ ಬೇರೆ. ಇದು ಮೋಸವೇ? ಯಾವಾಗಲೂ ಅಲ್ಲ. ಮೂಲ ಹಾಡು ಧ್ವನಿಮುದ್ರಣಗೊಂಡ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ಗೌರವಧನ ಕೊಟ್ಟು ಬೇರೆಯವರಿಂದ ಹಾಡಿಸಿ ಮಾರಲು ಕಾನೂನು ಬಿಡುತ್ತದೆ. ಆದರೆ 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 31ಸಿ ಕಲಮಿನ ಪ್ರಕಾರ, ಇದು ‘ಕವರ್ ವರ್ಷನ್’ ಎಂದು ಹೊದಿಕೆಯ ಮೇಲೆ ಬರೆಯಲೇಬೇಕು. ಮೂಲ ಗಾಯಕರ ಹೆಸರು, ಚಿತ್ರ ಯಾವುದನ್ನೂ ಹಾಕುವಂತಿಲ್ಲ. ಎಂಬತ್ತು, ತೊಂಬತ್ತರ ದಶಕದ ಅಗ್ಗದ ಕ್ಯಾಸೆಟ್ಟಿಗೆ ಇಷ್ಟು ಬಿಗಿ ಕಟ್ಟಳೆ ಇರಲಿಲ್ಲ. ಮನೆಗೆ ತಂದು ಹಾಕಿದ ಮೇಲೆಯೇ ಗೊತ್ತಾಗುತ್ತಿತ್ತು, ಇವರು ಅವರಲ್ಲ ಎಂದು.

● ‘ಒಂದೇ ಸಿ.ಡಿ.ಯಲ್ಲಿ 300 ಹಾಡು’ ಎಂದರೆ ಹಿಗ್ಗಬೇಡಿ. ಎಂಪಿ3 ಹಾಡು ಕೇಳುವಂತಿರಲು ಕನಿಷ್ಠ 128 ಕೆಬಿಪಿಎಸ್ ಬೇಕು, ಅಂದರೆ ನಿಮಿಷಕ್ಕೆ ಸುಮಾರು ಒಂದು ಎಂಬಿ. 700 ಎಂಬಿ ಸಿ.ಡಿ.ಯಲ್ಲಿ ನಾಲ್ಕು ನಿಮಿಷದ ಹಾಡು 175 ಹಿಡಿಸಬಹುದು. ಮಿಕ್ಕವನ್ನು ತುರುಕಲು ಹಾಡಿನ ಗುಣಮಟ್ಟವನ್ನೇ ಇಳಿಸಿರುತ್ತಾರೆ. ಲೋಡು ತುಂಬಿದ ಅದಿರು ಲಾರಿಯ ಕ್ಯಾಬಿನ್ನಿನಲ್ಲಿ ಇದು ಗೊತ್ತಾಗದು. ರಾತ್ರಿ ಮನೆಯಲ್ಲಿ ಕೊಳಲು ಬಂದಾಗ ಗೊತ್ತಾಗುತ್ತದೆ.

● ಅರವತ್ತರ ದಶಕದ ಕನ್ನಡ ಚಿತ್ರಗೀತೆಗಳು ಮೋನೊದಲ್ಲಿ ಮುದ್ರಣಗೊಂಡವು. ಅವುಗಳ ಮೇಲೆ ‘ಸ್ಟೀರಿಯೊ’ ಎಂದು ಮುದ್ರಿಸಿದ್ದರೆ ಯಾರೋ ಆಮೇಲೆ ಕೈಯಾಡಿಸಿದ್ದಾರೆ. ‘ಬೀಟ್ಸ್’ ಎಂಬ ಮಾತು ಕಂಡರೆ ಅಲ್ಲೇ ಇಟ್ಟು ಬನ್ನಿ.

● ಹೊಸಪೇಟೆಯಲ್ಲಿ ಪ್ರತಿಮೆಯಾಗಿ ನಿಂತಿರುವ ಪುನೀತ್ ರಾಜ್‌ಕುಮಾರ್ ಹಾಡಲು ಕಲಿತದ್ದು ನಾಯಕನಾದ ಮೇಲಲ್ಲ. ‘ಭಾಗ್ಯವಂತ’ದಲ್ಲಿ ಸೂರ್ಯನ ಹಾಡು ಹಾಡಿದಾಗ ಇನ್ನೂ ಪುಟ್ಟ ಹುಡುಗ.

● ಕಂಪ್ಲಿ ಸೀಮೆಯ ಕುಮಾರರಾಮನ ಕಥೆಯನ್ನು ಬುರ್ರಕಥೆಯಾಗಿ ಹಾಡುತ್ತಿದ್ದವರು ಸಂಡೂರು ತಾಲ್ಲೂಕಿನ ದರೋಜಿಯ ಈರಮ್ಮ. 2014ರಲ್ಲಿ ತೀರಿಕೊಂಡ ಈ ತಾಯಿಗೆ ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತ್ತು. ಓದು ಬರಹ ಇಲ್ಲದ ಆಕೆಯ ಬಾಯಲ್ಲಿ ಇದ್ದದ್ದು ಒಂದೊಂದೂ ರಾತ್ರಿಗಟ್ಟಲೆ ನಡೆಯುವ ಕಾವ್ಯ. ಅದರಲ್ಲಿ ‘ಹಿಟ್ಸ್’ ಆರಿಸುವುದು ಆಗದ ಮಾತು.

● ‘ಹಳೇ ಹಾಡು, ಹಕ್ಕು ಮುಗಿದದ್ದು’ ಎಂದು ಅಂಗಡಿಯವರು ಹೇಳಿದರೆ ಅದು ಅರ್ಧ ಸತ್ಯ. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. 1965ರವರೆಗೆ ಪ್ರಕಟವಾದ ಮುದ್ರಣಗಳು 2026ರ ಜನವರಿ 1ಕ್ಕೆ ಅದರಿಂದ ಬಿಡುಗಡೆಯಾದವು. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಬೇರೆ. ಅದು ಕರ್ತೃವಿನ ನಿಧನದ ನಂತರ 60 ವರ್ಷ.

● ಅಟ್ಟದ ಮೇಲೆ ಹಳೆ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕುವ ಮುನ್ನ ಒಳಚೀಟಿ ತೆಗೆದು ನೋಡಿ. ಚಿತ್ರ, ಸಾಹಿತಿ, ಸಂಗೀತ, ಗಾಯಕರು ನಾಲ್ಕೂ ಅಚ್ಚಾಗಿದ್ದರೆ ಇಟ್ಟುಕೊಳ್ಳಿ. ಪೆನ್‌ಡ್ರೈವ್‌ನಲ್ಲಿ ಆ ಚೀಟಿ ಬರುವುದಿಲ್ಲ.