ಕಿವಿ ಓಲೆ ಓದಲು ಎಂಥ ಟ್ಯಾಬ್ಲೆಟ್?

ತಮ್ಮ ರಾಸಿನ ಕಿವಿ ಓಲೆಯಲ್ಲಿ 12 ಅಂಕಿಗಳಿವೆ. ಕಾಲುಬಾಯಿ ಜ್ವರದ ಲಸಿಕೆ, ಕೃತಕ ಗರ್ಭಧಾರಣೆ ‘ಭಾರತ್ ಪಶುಧನ್’ನಲ್ಲಿ ದಾಖಲಾಗುವುದು ಆ ಸಂಖ್ಯೆಗೇ. ಬರೆಯುವಾಗ ಒಂದಂಕಿ ತಪ್ಪಿದರೆ, ಹಸು ಸತ್ತಾಗ ವಿಮೆಗೂ ತಕರಾರು ಬರಬಹುದು. ಓಲೆಯ ಬಾರ್‌ಕೋಡನ್ನು ಕ್ಯಾಮೆರಾದಿಂದಲೇ ಓದಿಸಿದರೆ ಈ ತೊಂದರೆ ತಪ್ಪುತ್ತದೆ.

ಇದಕ್ಕೆ ಲ್ಯಾಪ್‌ಟಾಪ್ ಬೇಡ. ಒಂದು ಕೈ ಮೂಗುದಾರದಲ್ಲಿರುವಾಗ ಅದನ್ನೆಲ್ಲಿ ಇಡುವುದು? ಸಿಮ್ ಹಾಕುವ ಆಂಡ್ರಾಯ್ಡ್ ಟ್ಯಾಬ್ಲೆಟ್ ಸಾಕು. ಸಂಘದ ಕಾರ್ಯಕರ್ತರಿಗಾಗಿ ಬಸವೇಶ್ವರನಗರದ ಅಂಗಡಿಗಳಲ್ಲಿ ವಿಚಾರಿಸುವವರು ಬಾರ್‌ಕೋಡ್ ಇರುವ ಔಷಧಿ ಡಬ್ಬಿಯೊಂದನ್ನು ಜೊತೆಗೆ ಒಯ್ಯಿರಿ. ಟ್ಯಾಬ್ಲೆಟ್ಟನ್ನು ಬಿಸಿಲಿಗೆ ತಂದು, ಹಿಂಬದಿಯ ಕ್ಯಾಮೆರಾದಲ್ಲಿ ಗೇಣು ದೂರದಿಂದ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆಯೇ ನೋಡಿರಿ. ಅಗ್ಗದ ಕೆಲವದರಲ್ಲಿ ಹತ್ತಿರದ್ದೆಲ್ಲ ಮಸುಕು. ಅಂಥದನ್ನು ಬಿಟ್ಟಿ ಕೊಟ್ಟರೂ ಬೇಡ. ರಬ್ಬರ್ ಕವಚ ಹಾಕಿಸಿ, ರಸೀದಿಯನ್ನು ಸಂಘದ ಹೆಸರಿನಲ್ಲೇ ಪಡೆಯಿರಿ.