ಐಟಿ ರಿಟರ್ನ್ಸ್ ಸಲ್ಲಿಸಿದ್ದರೆ ಸರ್ಕಾರ ಹತ್ತು ಪಟ್ಟು ಪರಿಹಾರ ಕೊಡುತ್ತದೆಯೇ? ರಸ್ತೆ ಅಪಘಾತದ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಮೂರು ವರ್ಷ ಸತತವಾಗಿ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದವರು ಅಪಘಾತದಲ್ಲಿ ತೀರಿಕೊಂಡರೆ, ಅವರ ಸರಾಸರಿ ವಾರ್ಷಿಕ ಆದಾಯದ ಹತ್ತು ಪಟ್ಟು ಹಣವನ್ನು ಸರ್ಕಾರ ಕುಟುಂಬಕ್ಕೆ ಕೊಡಲೇಬೇಕು. ಮೋಟಾರು ವಾಹನ ಕಾಯ್ದೆಯ 166ನೇ ಸೆಕ್ಷನ್ ಹೆಸರು ಹಾಕಿಕೊಂಡ ಈ ಸಂದೇಶ ವರ್ಷಗಳಿಂದ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ನಿಮ್ಮ ಗ್ರೂಪಿಗೂ ಬಂದಿರಬಹುದು.

ಇದು ಸುಳ್ಳು. ರಿಟರ್ನ್ಸ್ ಸಲ್ಲಿಸದ ರೈತರು, ರೇಷ್ಮೆ ರೀಲರ್‌ಗಳು, ಗಾರೆ ಕೆಲಸದವರ ಮನೆಯವರು ಇದನ್ನು ಓದಿ ‘ನಮಗೇನೂ ಸಿಗಲ್ಲ’ ಎಂದು ಸುಮ್ಮನಾದರೆ ನಷ್ಟ ಸಣ್ಣದಲ್ಲ. ಹಾಗಾಗಿ ನಿಜ ಏನೆಂದು ನೋಡೋಣ.

ನಮ್ಮ ಜಿಲ್ಲೆಯಲ್ಲೇ ಆದದ್ದು

2023ರ ಅಕ್ಟೋಬರ್ 26ರ ಬೆಳಗ್ಗೆ, ಮಂಜು ಮುಸುಕಿದ್ದಾಗ, ಚಿಕ್ಕಬಳ್ಳಾಪುರದ ಹೊರವಲಯದ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಿಂತಿದ್ದ ಟ್ಯಾಂಕರ್‌ಗೆ ಹಿಂದಿನಿಂದ ಸುಮೋ ಡಿಕ್ಕಿ ಹೊಡೆಯಿತು. 13 ಮಂದಿ ಸತ್ತರು.

ನಿಂತ ಲಾರಿಗೆ ಗುದ್ದುವುದು ಇಷ್ಟು ಘೋರವೇಕೆ? ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಮಂಜಿನಲ್ಲಿ 30 ಮೀಟರ್ ಮಾತ್ರ ಕಾಣುತ್ತಿದ್ದರೆ, ಚಾಲಕ ಗಾಬರಿಯಾಗಿ ಬ್ರೇಕ್ ಮೇಲೆ ಕಾಲಿಡುವಷ್ಟರಲ್ಲಿ ದಾರಿ ಮುಗಿದಿರುತ್ತದೆ. ಎರಡನೆಯದಾಗಿ, ಲಾರಿಯ ಹಿಂಭಾಗ ಎತ್ತರದಲ್ಲಿರುತ್ತದೆ. ಹಿಂದೆ ಗಟ್ಟಿಯಾದ ಅಡ್ಡಪಟ್ಟಿ ಇಲ್ಲದಿದ್ದರೆ ಪೆಟ್ಟು ತಡೆಯಬೇಕಾದ ಕಾರಿನ ಬಂಪರ್, ಬಾನೆಟ್ ಅಡಿಗೆ ನುಗ್ಗಿಬಿಡುತ್ತವೆ. ಪೆಟ್ಟು ನೇರವಾಗಿ ಗಾಜಿಗೆ, ಕೂತವರ ತಲೆ-ಎದೆಗೆ ಬೀಳುತ್ತದೆ.

ಉಳಿದ ಮಾರಣಾಂತಿಕ ಬಗೆಗಳೆಂದರೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಓವರ್‌ಟೇಕ್ ಮಾಡುವಾಗಿನ ಮುಖಾಮುಖಿ ಡಿಕ್ಕಿ, ಕ್ರಾಸ್‌ಗಳಲ್ಲಿ ಬಾಗಿಲಿಗೇ ಬೀಳುವ ಪಕ್ಕದ ಪೆಟ್ಟು, ಮತ್ತು ಪಲ್ಟಿ. ಪಲ್ಟಿಯಲ್ಲಿ ಬೆಲ್ಟ್ ಹಾಕದವರು ಹೊರಗೆ ಎಸೆಯಲ್ಪಡುತ್ತಾರೆ.

ಪರಿಹಾರ ಕೊಡುವವರು ಯಾರು?

ಸರ್ಕಾರ ಅಲ್ಲ. ತಪ್ಪು ಮಾಡಿದ ವಾಹನದ ಮಾಲೀಕರು, ಅವರ ಪರವಾಗಿ ವಿಮಾ ಕಂಪನಿ. ದಾರಿಗಳು ಮೂರು:

1. ಸೆಕ್ಷನ್ 166: ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಅರ್ಜಿ. ಎದುರಿನವರ ತಪ್ಪು ತೋರಿಸಬೇಕು. ಮೊತ್ತಕ್ಕೆ ಮಿತಿಯಿಲ್ಲ.

2. ಸೆಕ್ಷನ್ 164: ತಪ್ಪು ಸಾಬೀತು ಮಾಡಬೇಕಿಲ್ಲ. ಸಾವಿಗೆ 5 ಲಕ್ಷ ರೂ., ತೀವ್ರ ಗಾಯಕ್ಕೆ 2.5 ಲಕ್ಷ ರೂ.

3. ಸೆಕ್ಷನ್ 161: ಗುದ್ದಿದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ ರೂ., ತೀವ್ರ ಗಾಯಕ್ಕೆ 50 ಸಾವಿರ ರೂ.

ಎಚ್ಚರಿಕೆ: 164ರಡಿ 5 ಲಕ್ಷ ರೂ. ಒಪ್ಪಿಕೊಂಡರೆ 166ರ ಅರ್ಜಿ ಅಲ್ಲಿಗೆ ಮುಗಿಯಿತು. ‘ಬೇಗ ಸಿಗುತ್ತೆ’ ಎಂದು ಯಾರಾದರೂ ಕಾಗದ ಮುಂದಿಟ್ಟರೆ, ಸಹಿ ಹಾಕುವ ಮುನ್ನ ಲೆಕ್ಕ ಹಾಕಿ.

ಲೆಕ್ಕ ಹೇಗೆ?

ಸುಪ್ರೀಂ ಕೋರ್ಟ್‌ನ ಸರಳಾ ವರ್ಮಾ (2009) ಮತ್ತು ಪ್ರಣಯ್ ಸೇಠಿ (2017) ತೀರ್ಪುಗಳು ಸೂತ್ರ ಕೊಟ್ಟಿವೆ. ಉದಾಹರಣೆಗೆ, ತಿಂಗಳಿಗೆ 15,000 ರೂ. ದುಡಿಯುತ್ತಿದ್ದ, ಹೆಂಡತಿ, ಇಬ್ಬರು ಮಕ್ಕಳು, ತಾಯಿಯನ್ನು ಸಾಕುತ್ತಿದ್ದ 30 ವರ್ಷದ ಕೂಲಿಕಾರರು ಎಂದುಕೊಳ್ಳೋಣ. ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆ ಶೇ. 40 ಸೇರಿಸಿದರೆ 21,000. ಅವರ ಸ್ವಂತ ಖರ್ಚಿಗೆ ಕಾಲು ಭಾಗ ಕಳೆದರೆ 15,750. ವರ್ಷಕ್ಕೆ 1,89,000. ಆ ವಯಸ್ಸಿನ ಗುಣಕ 17. ಒಟ್ಟು 32,13,000 ರೂ. ಅಂತ್ಯಕ್ರಿಯೆ ಮುಂತಾದ ಬಾಬ್ತುಗಳು ಬೇರೆ.

ಐಟಿ ರಿಟರ್ನ್ಸ್ ಇದ್ದರೆ ಆದಾಯಕ್ಕೆ ಒಳ್ಳೆಯ ಪುರಾವೆ. ಇಲ್ಲದಿದ್ದರೆ ಅರ್ಜಿ ಬೀಳುವುದಿಲ್ಲ. ನ್ಯಾಯಮಂಡಳಿಯೇ ಕೆಲಸ ನೋಡಿ ಆದಾಯ ಅಂದಾಜಿಸುತ್ತದೆ.

ತಪ್ಪು ಇಬ್ಬರದ್ದಾದರೆ?

ಕಾರು ವೇಗವಾಗಿತ್ತು, ಲಾರಿ ಸಿಗ್ನಲ್ ಹಾಕದೆ ರಸ್ತೆಯಲ್ಲೇ ನಿಂತಿತ್ತು. ಇಂಥ ಕಡೆ ಕಾರಿನಲ್ಲಿ ಸುಮ್ಮನೆ ಕೂತಿದ್ದ ಪ್ರಯಾಣಿಕರ ತಪ್ಪೇನೂ ಇಲ್ಲ. ಅವರ ಕುಟುಂಬ ಇಬ್ಬರಲ್ಲಿ ಯಾರಿಂದಲಾದರೂ ಪೂರ್ತಿ ಮೊತ್ತ ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇದು ತುಂಬಿ ತುಳುಕುವ ಗಾಡಿಗಳಲ್ಲಿ ಓಡಾಡುವ ನಮ್ಮ ಕಡೆಯವರಿಗೆ ಮುಖ್ಯ. ಪಾಲಿಸಿಯಲ್ಲಿರುವ ಸೀಟುಗಳಿಗಿಂತ ಹೆಚ್ಚು ಜನರಿದ್ದರೆ, ಆ ಗಾಡಿಯ ವಿಮಾ ಕಂಪನಿಯ ಹೊಣೆ ಅಷ್ಟೇ ಸೀಟುಗಳಿಗೆ ಸೀಮಿತ. ಆದರೆ ಲಾರಿಯ ವಿಮೆಗೆ ಆ ಪ್ರಯಾಣಿಕರೆಲ್ಲ ‘ಥರ್ಡ್ ಪಾರ್ಟಿ’. ಅಲ್ಲಿ ಈ ಮಿತಿ ಇಲ್ಲ. ಆದ್ದರಿಂದ ಅರ್ಜಿಯಲ್ಲಿ ಎರಡೂ ವಾಹನಗಳನ್ನು ಸೇರಿಸಿ.

ಕುಟುಂಬ ಮಾಡಬೇಕಾದ್ದು

• ಎಫ್‌ಐಆರ್, ಮಹಜರು, ಮರಣೋತ್ತರ ಪರೀಕ್ಷೆ ವರದಿಯ ಪ್ರತಿ ಪಡೆಯಿರಿ. ಎಫ್‌ಐಆರ್‌ನಲ್ಲಿ ಎರಡೂ ವಾಹನಗಳ ನಂಬರ್ ಇದೆಯೇ ನೋಡಿ.

• ಆರು ತಿಂಗಳೊಳಗೆ ಅರ್ಜಿ ಹಾಕಿ. 2022ರ ಏಪ್ರಿಲ್ 1ರಿಂದ ಈ ಗಡುವು ಜಾರಿಯಲ್ಲಿದೆ. ತಡವಾಯಿತೆಂದು ಅರ್ಜಿ ವಜಾ ಮಾಡಬೇಡಿ ಎಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಮಧ್ಯಂತರ ಆದೇಶ ಮಾತ್ರ. ಅದನ್ನೇ ನಂಬಿ ಕೂರಬೇಡಿ.

• ಅಪಘಾತ ಎಲ್ಲೇ ಆಗಿರಲಿ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಗೌರಿಬಿದನೂರಿನವರು ಹೈದರಾಬಾದಿಗೆ ಅಲೆಯಬೇಕಿಲ್ಲ.

• ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ಪರಿಹಾರದ ಅರ್ಜಿ ಬೇರೆ, ಚಾಲಕರ ಮೇಲಿನ ಕ್ರಿಮಿನಲ್ ಕೇಸು ಬೇರೆ. ನಿರ್ಲಕ್ಷ್ಯದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 106ರಡಿ ಐದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಆ ಕೇಸು ಮುಗಿಯಲಿ ಎಂದು ಪರಿಹಾರದ ಅರ್ಜಿಗೆ ಕಾಯಬೇಕಿಲ್ಲ.

ಹತ್ತು ಪಟ್ಟಿನ ಆ ಸಂದೇಶ ಮತ್ತೆ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಮೂರು ಮಾತು ಕಳಿಸಿ: ರಿಟರ್ನ್ಸ್ ಕಡ್ಡಾಯವಲ್ಲ, ಆರು ತಿಂಗಳು ಮೀರಬೇಡಿ, ಲೆಕ್ಕ ಹಾಕದೆ ಸಹಿ ಮಾಡಬೇಡಿ.